ಹೈದರಾಬಾದಿಗೆ ಹೋದರೆ ಎಲ್ಲಿ ಇಳಿಯಬೇಕು?

ಪ್ರಶ್ನೆ: ನಾವು ಬೀದರ್ ಹತ್ತಿರದ ಹಳ್ಳಿಯವರು. ನಮ್ಮ ಮಾವನವರಿಗೆ ಎಪ್ಪತ್ತು ವರ್ಷ, ಮೊಣಕಾಲು ನೋವು. ಅವರನ್ನು ಮಂಗಳವಾರ ಹೈದರಾಬಾದಿನ ನಿಮ್ಸ್ ಆಸ್ಪತ್ರೆಗೆ ತೋರಿಸಬೇಕು. ಸೋಮವಾರ ಹೋಗಿ ಗುರುವಾರ ವಾಪಸ್ ಬರುತ್ತೇವೆ. ಜೊತೆಗೆ ಹೆಂಡತಿ, ಆರು ವರ್ಷದ ಮಗ ಇರುತ್ತಾರೆ. ಉಳಿಯುವುದು ದಿಲ್‌ಸುಖ್‌ನಗರದ ನೆಂಟರ ಮನೆಯಲ್ಲಿ. ಹೋದ ಸಲ ಬರೀ ಆಟೊಗೇ ಬಹಳ ರೊಕ್ಕ ಹೋಯಿತು. ಮೆಟ್ರೋ, ಸಿಟಿ ಬಸ್ ನಂಬಿಕೊಂಡು ಓಡಾಡಬಹುದೇ? ಚಾರ್‌ಮಿನಾರ್, ಗೋಲ್ಕೊಂಡ, ಝೂ ನೋಡಲೇಬೇಕೆಂದು ಮಗನ ಹಟ.

ಉತ್ತರ: ಓಡಾಡಬಹುದು, ಅದೂ ಸಲೀಸಾಗಿ. ನಿಮ್ಮ ಅದೃಷ್ಟಕ್ಕೆ ಬೀದರ್ ಬಸ್ಸು ಊರೊಳಗೆ ಬರುವ ಮಿಯಾಪುರ, ಆಸ್ಪತ್ರೆ ಇರುವ ಪಂಜಾಗುಟ್ಟ, ನೆಂಟರ ಮನೆ ಇರುವ ದಿಲ್‌ಸುಖ್‌ನಗರ ಮೂರೂ ಒಂದೇ ಮೆಟ್ರೋ ಮಾರ್ಗದ ಮೇಲಿವೆ. ನಡುವೆ ಗಾಡಿ ಬದಲಿಸುವ ಕೆಲಸವೇ ಇಲ್ಲ. ಹೈದರಾಬಾದಿನಲ್ಲಿ ಹೊಸಬರ ದುಡ್ಡು, ಹೊತ್ತು ಎರಡೂ ಹಾಳಾಗುವುದು ಹೆಚ್ಚಾಗಿ ತಪ್ಪು ಜಾಗದಲ್ಲಿ ಇಳಿಯುವುದರಿಂದ. ಆದ್ದರಿಂದ ಎಲ್ಲಿ ಇಳಿಯಬೇಕು ಎಂಬುದನ್ನು ಮನೆಯಲ್ಲೇ ಗೊತ್ತು ಮಾಡಿಕೊಂಡು ಹೊರಡಿ.

ಬೀದರ್ ಬಸ್ಸು ಜಹೀರಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಸಂಗಾರೆಡ್ಡಿ ಕಡೆಯಿಂದ ಪಟಾನ್‌ಚೆರು, ಚಂದಾನಗರ, ಮಿಯಾಪುರ, ಕೂಕಟ್‌ಪಲ್ಲಿ, ಅಮೀರ್‌ಪೇಟ್ ಮೂಲಕ ಎಂಜಿಬಿಎಸ್ ಮುಟ್ಟುತ್ತದೆ. ಎಂಜಿಬಿಎಸ್ ಅಂದರೆ ಮಹಾತ್ಮ ಗಾಂಧಿ ಬಸ್ ಸ್ಟ್ಯಾಂಡ್, ಹಳಬರ ಬಾಯಲ್ಲಿ ಇಮ್ಲಿಬನ್. ಟಿಕೆಟ್ ಪೂರ್ತಿ ತೆಗೆಸಿದ್ದೇವೆ, ಮಧ್ಯೆ ಯಾಕೆ ಇಳಿಯಬೇಕು ಎಂದು ನಮ್ಮ ಕಡೆಯವರು ಕೊನೆಯ ಸ್ಟಾಪಿನ ತನಕ ಕುಳಿತೇ ಹೋಗುತ್ತಾರೆ. ಬೆಳಿಗ್ಗೆ 8:30ರಿಂದ 11, ಸಂಜೆ 5ರಿಂದ 8:30ರ ಹೊತ್ತಿನಲ್ಲಿ ಆ ಕೊನೆಯ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಅದೇ ರಸ್ತೆಯ ನೆತ್ತಿಯ ಮೇಲೆ ಓಡುವ ಮೆಟ್ರೋಗೆ ಸುಮಾರು 40 ನಿಮಿಷ ಸಾಕು. ಹಾಗಾಗಿ ಗದ್ದಲದ ಹೊತ್ತಿನಲ್ಲಿ ತಲುಪುವ ಬಸ್ಸಾದರೆ ಮಿಯಾಪುರದಲ್ಲೇ ಇಳಿಯಿರಿ. ಹತ್ತುವಾಗಲೇ ಕಂಡಕ್ಟರಿಗೆ ‘ಮಿಯಾಪುರ ಮೆಟ್ರೋ ಸ್ಟೇಷನ್’ ಎಂದು ಪೂರ್ತಿ ಹೆಸರು ಹೇಳಿಡಿ. ಬರೀ ‘ಮಿಯಾಪುರ’ ಎಂದರೆ ಕ್ರಾಸಿನಲ್ಲಿ ಇಳಿಸಿಬಿಟ್ಟಾರು, ಕಾಲುನೋವಿನವರನ್ನು ಕರೆದುಕೊಂಡು ಅಲ್ಲಿಂದ ನಡೆಯುವುದು ಕಷ್ಟ.

ಮಧ್ಯಾಹ್ನ 12ರಿಂದ 4ರೊಳಗೆ ತಲುಪುವ ಬಸ್ಸಾದರೆ ಮಾತೇ ಬೇರೆ. ಆಗ ರಸ್ತೆ ಸ್ವಲ್ಪ ಬಿಡುವಾಗಿರುತ್ತದೆ. ಹಿರಿಯರನ್ನು ಎರಡು ಸಲ ಹತ್ತಿಸಿ ಇಳಿಸುವುದಕ್ಕಿಂತ ಎಂಜಿಬಿಎಸ್‌ವರೆಗೂ ಕುಳಿತೇ ಹೋಗಿ. ಬಸ್ ಸ್ಟ್ಯಾಂಡಿಗೂ ಮೆಟ್ರೋ ಸ್ಟೇಷನ್ನಿಗೂ ಮೇಲಿನಿಂದಲೇ ನಡೆದು ಹೋಗುವ ಸೇತುವೆ ಇದೆ, ರಸ್ತೆಗೆ ಇಳಿಯಬೇಕಾಗಿಲ್ಲ. ಅಲ್ಲಿಂದ ಎಲ್‌ಬಿ ನಗರ ಕಡೆಯ ಗಾಡಿ ಹತ್ತಿದರೆ ಮಲಕ್‌ಪೇಟ್, ನ್ಯೂ ಮಾರ್ಕೆಟ್, ಮೂಸಾರಾಂಬಾಗ್ ಆದ ಮೇಲೆ ನಾಲ್ಕನೆಯದೇ ದಿಲ್‌ಸುಖ್‌ನಗರ. ಬಸ್ಸಿನಿಂದ ಕಾಲಿಡುತ್ತಲೇ ಆಟೊದವರು ಮುತ್ತಿಕೊಳ್ಳುತ್ತಾರೆ. ‘ಮೆಟ್ರೋ ದೂರ ಇದೆ’, ‘ಈಗ ಬಂದ್ ಆಗಿದೆ’ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಲಬುರಗಿ, ಚಿತ್ತಾಪುರ, ಸೇಡಂ ಕಡೆಯಿಂದ ರೈಲಿನಲ್ಲಿ ಬರುವವರಿಗೂ ಇದೇ ಲೆಕ್ಕ. ತಾಂಡೂರು, ವಿಕಾರಾಬಾದ್ ದಾಟಿದ ರೈಲು ಊರ ಅಂಚಿನ ಲಿಂಗಂಪಲ್ಲಿ, ಆಮೇಲೆ ಬೇಗಂಪೇಟ್ ಹಾದು ಸಿಕಂದರಾಬಾದಿಗೋ ನಾಂಪಲ್ಲಿಗೋ ಹೋಗುತ್ತದೆ. ಗಚ್ಚಿಬೌಲಿ, ಕೊಂಡಾಪುರ ಕಡೆಯ ಆಸ್ಪತ್ರೆಗೆ ಹೋಗುವವರು ಲಿಂಗಂಪಲ್ಲಿಯಲ್ಲಿ ಇಳಿಯಬೇಕು. ಅಮೀರ್‌ಪೇಟ್, ಪಂಜಾಗುಟ್ಟದವರಿಗೆ ಬೇಗಂಪೇಟ್ ಅನುಕೂಲ, ಮೆಟ್ರೋ ಹತ್ತಿರದಲ್ಲೇ ಇದೆ. ಎಲ್ಲ ರೈಲೂ ಈ ಎರಡು ಕಡೆ ನಿಲ್ಲುವುದಿಲ್ಲ, ಟಿಕೆಟ್ ತೆಗೆಸುವಾಗಲೇ ನಿಲುಗಡೆ ನೋಡಿಕೊಳ್ಳಿ. ಟಿಕೆಟ್ ಮೇಲೆ ‘ಹೈದರಾಬಾದ್’ ಎಂದಿದ್ದರೆ ಅದು ನಾಂಪಲ್ಲಿ. ಸಿಕಂದರಾಬಾದ್, ಕಾಚಿಗೂಡ ಬೇರೆ ಬೇರೆ ಸ್ಟೇಷನ್. 2025ರ ಜನವರಿಯಲ್ಲಿ ಉದ್ಘಾಟನೆಯಾದ ಚರ್ಲಪಲ್ಲಿ ಟರ್ಮಿನಲ್ ಊರಿನ ಪೂರ್ವದ ತುದಿ. ಅಲ್ಲಿ ಮೆಟ್ರೋ ಇಲ್ಲ, ರಾತ್ರಿ ಅಲ್ಲಿ ಇಳಿದರೆ ಆಟೊದವನು ಹೇಳಿದ್ದೇ ದರ.

ಹೆಸರಿನ ವಿಚಾರ ಬಂತು, ಇದನ್ನು ಬಿಡಿಸಿ ಹೇಳಲೇಬೇಕು. ಈ ಊರಿನ ಹೆಸರುಗಳು ಒಂದರಂತೆ ಇನ್ನೊಂದಿದ್ದು ದಾರಿ ತಪ್ಪಿಸುತ್ತವೆ. ಗಾಂಧಿ ಭವನ್ ಮೆಟ್ರೋ ಸ್ಟೇಷನ್ ಕೆಂಪು ಮಾರ್ಗದಲ್ಲಿ ನಾಂಪಲ್ಲಿಯ ಪಕ್ಕ ಇದೆ, ಗಾಂಧಿ ಹಾಸ್ಪಿಟಲ್ ಸ್ಟೇಷನ್ ಹಸಿರು ಮಾರ್ಗದಲ್ಲಿ ಸಿಕಂದರಾಬಾದ್ ಕಡೆ. ಗಾಂಧಿ ಆಸ್ಪತ್ರೆಗೆಂದು ಹೊರಟವರು ಗಾಂಧಿ ಭವನದಲ್ಲಿ ಇಳಿದು ಪೇಚಾಡುತ್ತಾರೆ. ಉಸ್ಮಾನಿಯಾ ಇನ್ನೂ ಕಿತಾಪತಿ. ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ ಇರುವುದು ಕೋಠಿಯಲ್ಲಿ, ಉಸ್ಮಾನಿಯಾ ಜನರಲ್ ಆಸ್ಪತ್ರೆ ಅಫ್ಜಲ್‌ಗಂಜಿನಲ್ಲಿ, ಉಸ್ಮಾನಿಯಾ ಯೂನಿವರ್ಸಿಟಿ ಊರ ಇನ್ನೊಂದು ಬದಿಯ ತಾರ್ನಾಕದ ಹತ್ತಿರ. ಉಸ್ಮಾನಿಯಾ ಆಸ್ಪತ್ರೆಗೆ ಹೋಗುವವರು ಎಂಜಿಬಿಎಸ್‌ನಲ್ಲಿ ಇಳಿದರೆ ಹತ್ತಿರ. ಜುಬಿಲಿ ಬಸ್ ಸ್ಟ್ಯಾಂಡ್ ಅಂದರೆ ಜೆಬಿಎಸ್, ಅದು ಸಿಕಂದರಾಬಾದಿನಲ್ಲಿ. ಜುಬಿಲಿ ಹಿಲ್ಸ್ ಊರಿನ ಪಶ್ಚಿಮಕ್ಕೆ. ಹೈಟೆಕ್ ಸಿಟಿ ಹೆಸರಿನ ಲೋಕಲ್ ರೈಲು ಸ್ಟೇಷನ್ನಿಗೂ ಅದೇ ಹೆಸರಿನ ಮೆಟ್ರೋ ಸ್ಟೇಷನ್ನಿಗೂ ನಡೆದು ಹೋಗುವ ದೂರವಲ್ಲ. ಖಾಸಗಿ ಆಸ್ಪತ್ರೆಗಳದ್ದೂ ಇದೇ ಕಥೆ. ಯಶೋದಾ ಎಂದರೆ ಸೋಮಾಜಿಗುಡ, ಮಲಕ್‌ಪೇಟ್, ಸಿಕಂದರಾಬಾದ್, ಹೈಟೆಕ್ ಸಿಟಿ, ನಾಲ್ಕೂ ಕಡೆ ಇದೆ. ಚೀಟಿಯ ಮೇಲೆ ಯಾವ ಬಡಾವಣೆ ಎಂದು ಬರೆದಿದೆ ನೋಡದೆ ಮನೆ ಬಿಡಬೇಡಿ.

ಮೆಟ್ರೋ 2017ರ ನವೆಂಬರಿನಲ್ಲಿ ಶುರುವಾಯಿತು. ಮೂರು ಮಾರ್ಗ, ಒಟ್ಟು 69 ಕಿಲೋಮೀಟರ್. ಕೆಂಪು ಮಾರ್ಗ ಮಿಯಾಪುರದಿಂದ ಎಲ್‌ಬಿ ನಗರ, ನೀಲಿ ನಾಗೋಲ್‌ನಿಂದ ರಾಯದುರ್ಗ, ಹಸಿರು ಜೆಬಿಎಸ್‌ನಿಂದ ಎಂಜಿಬಿಎಸ್. ಕೆಂಪು ಮತ್ತು ನೀಲಿ ಕೂಡುವುದು ಅಮೀರ್‌ಪೇಟೆಯಲ್ಲಿ, ಕೆಂಪು ಮತ್ತು ಹಸಿರು ಎಂಜಿಬಿಎಸ್‌ನಲ್ಲಿ, ನೀಲಿ ಮತ್ತು ಹಸಿರು ಪರೇಡ್ ಗ್ರೌಂಡಿನಲ್ಲಿ. ಇಷ್ಟು ಬಾಯಿಪಾಠವಾದರೆ ನಕ್ಷೆ ಬೇಡ. ಪ್ಲಾಟ್‌ಫಾರ್ಮಿನಲ್ಲಿ ದಿಕ್ಕು ತಿಳಿಯುವುದು ಕೊನೆಯ ಸ್ಟೇಷನ್ ಹೆಸರಿನಿಂದ. ನಿಮಗೆ ಮನೆಗೆ ಹೋಗುವಾಗ ‘ಎಲ್‌ಬಿ ನಗರ’, ಆಸ್ಪತ್ರೆಗೆ ಹೋಗುವಾಗ ‘ಮಿಯಾಪುರ’. ಉಲ್ಟಾ ಗಾಡಿ ಹತ್ತಿದರೆ ಗಾಬರಿ ಬೇಡ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಗೇಟಿನಿಂದ ಹೊರಗೆ ಹೋಗದೆ, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ ವಾಪಸ್ ಬನ್ನಿ.

2025ರ ಮೇ ತಿಂಗಳ ಪರಿಷ್ಕರಣೆಯ ಪ್ರಕಾರ ಟಿಕೆಟ್ ಕನಿಷ್ಠ 11, ಗರಿಷ್ಠ 69 ರೂಪಾಯಿ. ಮಿಯಾಪುರದಿಂದ ದಿಲ್‌ಸುಖ್‌ನಗರ 23ನೇ ಸ್ಟೇಷನ್, ಹೆಚ್ಚುಕಡಿಮೆ ಗರಿಷ್ಠ ದರಕ್ಕೇ ಬರುತ್ತದೆ. ನಾಲ್ಕು ಜನಕ್ಕೆ 280 ರೂಪಾಯಿಯೊಳಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಮಗನಿಗೂ ಪೂರ್ತಿ ಟಿಕೆಟ್ ಬೇಕು. ಮೆಟ್ರೋದಲ್ಲಿ ಮಕ್ಕಳಿಗೆ ವಯಸ್ಸಿನ ಲೆಕ್ಕವಿಲ್ಲ, ಎತ್ತರದ ಲೆಕ್ಕ. ಮೂರು ಅಡಿಯೊಳಗಿದ್ದರೆ ಮಾತ್ರ ಬಿಟ್ಟಿ. ಟಿಕೆಟ್ ಕೌಂಟರಿನಲ್ಲೂ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ. ತಲೆಗೊಂದು ಕ್ಯೂಆರ್ ಕೋಡ್. ಒಳಗೆ ಹೋಗುವಾಗ ತೋರಿಸಿದ್ದನ್ನೇ ಹೊರಗೆ ಬರುವಾಗಲೂ ತೋರಿಸಬೇಕು. ತೊಂದರೆಯಾಗುವುದು ಇಲ್ಲೇ. ಕಾಗದದ ಟಿಕೆಟ್ ಮಡಚಿ ಜೇಬಿಗೆ ತುರುಕಿದರೆ ಮಡಿಕೆ ಬಿದ್ದ ಕೋಡನ್ನು ಯಂತ್ರ ಓದುವುದಿಲ್ಲ. ಫೋನಿನಲ್ಲಿ ತೆಗೆಸಿದರೆ ನಾಲ್ಕೂ ಟಿಕೆಟ್ ಒಬ್ಬರ ಕೈಯಲ್ಲಿ, ಆ ಫೋನಿನ ಚಾರ್ಜ್ ಮುಗಿದರೆ ನಾಲ್ಕೂ ಜನ ಗೇಟಿನ ಒಳಗೆ. ಹಾಗಾಗಿ ಹಿರಿಯರು, ಮಗು ಇರುವಾಗ ಕೌಂಟರಿನ ಕಾಗದದ ಟಿಕೆಟ್ಟೇ ವಾಸಿ, ಆಧಾರ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ನೇರ ಇಟ್ಟುಕೊಳ್ಳಿ. ಗೇಟು ಒಂದು ಟಿಕೆಟ್ಟಿಗೆ ಒಬ್ಬರನ್ನೇ ಬಿಡುತ್ತದೆ. ಮೊದಲು ಮಾವನವರು, ಆಮೇಲೆ ಮಗ, ಹಿಂದೆ ನೀವಿಬ್ಬರು ಎಂಬ ಸರದಿ ಇಟ್ಟುಕೊಂಡರೆ ಯಾರೂ ಹಿಂದೆ ಉಳಿಯುವುದಿಲ್ಲ.

ಒಳಗೆ ಹೋಗುವಾಗ ಚೀಲಗಳನ್ನು ಯಂತ್ರದಲ್ಲಿ ಹಾಕಿ ನೋಡುತ್ತಾರೆ. ನೆಂಟರಿಗೆಂದು ಜೋಳದ ಮೂಟೆ, ಎಣ್ಣೆ ಡಬ್ಬಿ ಕಟ್ಟಿಕೊಂಡು ಹೊರಟಿದ್ದರೆ ಮೆಟ್ರೋಗೆ ಅದು ನಡೆಯದು. ಹೆಗಲಿಗೆ ಹಾಕಿಕೊಳ್ಳುವಷ್ಟು ಸಾಮಾನಿರಲಿ. ಈಳಿಗೆ, ಚಾಕು, ಪಟಾಕಿ, ಗ್ಯಾಸ್ ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ. ಪ್ರತಿ ಸ್ಟೇಷನ್ನಿನಲ್ಲೂ ಲಿಫ್ಟ್ ಇದೆ. ಮೆಟ್ಟಿಲ ಹತ್ತಿರ ಕಾಣಲಿಲ್ಲವೆಂದು ಮಾವನವರನ್ನು ಹತ್ತಿಸಬೇಡಿ, ಫುಟ್‌ಪಾತಿನಲ್ಲಿ ಆಚೀಚೆ ನೋಡಿದರೆ ಸಿಗುತ್ತದೆ. ಎಸ್ಕಲೇಟರ್ ರೂಢಿಯಿಲ್ಲದವರಿಗೆ, ಅದರಲ್ಲೂ ಸೀರೆ, ಧೋತರ ಉಟ್ಟವರಿಗೆ, ಲಿಫ್ಟೇ ಸರಿ.

ಗಾಡಿಗೆ ಮೂರೇ ಬೋಗಿ. ಆದ್ದರಿಂದ ಗದ್ದಲದ ಹೊತ್ತಿನಲ್ಲಿ ಅಮೀರ್‌ಪೇಟೆಯಲ್ಲಿ ನೂಕುನುಗ್ಗಲು ಭಯಂಕರ. ಮಹಿಳೆಯರಿಗೆಂದೇ ಗಾಡಿಯ ಒಂದು ತುದಿಯಲ್ಲಿ ಜಾಗ ಬಿಟ್ಟಿದ್ದಾರೆ, ಆದರೆ ನೀವು ನಾಲ್ಕೂ ಜನ ಒಟ್ಟಿಗೇ ಇರುವುದು ಒಳ್ಳೆಯದು. ಗಾಡಿಗಳು ಬೆಳಿಗ್ಗೆ 6ಕ್ಕೆ ಶುರುವಾಗುತ್ತವೆ, ರಾತ್ರಿ 11ರ ಸುಮಾರಿಗೆ ಕೊನೆಯ ಗಾಡಿ ತುದಿಯ ಸ್ಟೇಷನ್ ಬಿಡುತ್ತದೆ. 10ರೊಳಗೆ ಹತ್ತುವಂತೆ ನೋಡಿಕೊಂಡರೆ ಚಿಂತೆಯಿಲ್ಲ.

ಇನ್ನು ಮಂಗಳವಾರದ ಆಸ್ಪತ್ರೆ. ದಿಲ್‌ಸುಖ್‌ನಗರದಿಂದ ಮಿಯಾಪುರ ಕಡೆಯ ಗಾಡಿಯಲ್ಲಿ ಇರ್ರಮ್ ಮಂಜಿಲ್ 11ನೇ ಸ್ಟೇಷನ್, ಪಂಜಾಗುಟ್ಟ 12ನೆಯದು. ನಿಮ್ಸ್ ಇರುವುದು ಈ ಎರಡರ ಆಸುಪಾಸಿನಲ್ಲಿ, ಅರ್ಧ ತಾಸಿನೊಳಗಿನ ಪ್ರಯಾಣ. 7ರೊಳಗೆ ಹತ್ತಿಬಿಟ್ಟರೆ ಹಿರಿಯರಿಗೆ ಕೂರಲು ಜಾಗ ಸಿಗುತ್ತದೆ, ಓಪಿ ಸಾಲಿನಲ್ಲೂ ಮುಂದಿರುತ್ತೀರಿ. ಸ್ಟೇಷನ್ನಿನಿಂದ ಕೆಳಗೆ ಇಳಿಯುವ ಮೊದಲು ‘ನಿಮ್ಸ್ ಯಾವ ಕಡೆ?’ ಎಂದು ಒಳಗಿನ ಸಿಬ್ಬಂದಿಯನ್ನೇ ಕೇಳಿ. ಪ್ರತಿ ಸ್ಟೇಷನ್ನಿಗೂ ರಸ್ತೆಯ ಎರಡೂ ಬದಿ ಇಳಿಯುವ ದಾರಿ ಇರುತ್ತದೆ. ತಪ್ಪು ಬದಿಯಲ್ಲಿ ಇಳಿದರೆ ಮತ್ತೆ ಮೇಲೆ ಹತ್ತಿ ಆಚೆ ಹೋಗಬೇಕು, ಏಕೆಂದರೆ ಕೆಳಗೆ ರಸ್ತೆಯ ನಡುವೆ ಕಂಬಗಳ ಸಾಲು, ತಡೆಗೋಡೆ. ಉಳಿದ ಆ ಸ್ವಲ್ಪ ದೂರಕ್ಕೆ ಮಾವನವರ ಕಾಲು ಒಪ್ಪದಿದ್ದರೆ ಆಟೊ ಮಾಡಿ. ರೊಕ್ಕ ಉಳಿಸುವ ಜಾಗ ಇದಲ್ಲ.

ಸಿಟಿ ಬಸ್ಸಿನ ಬಗ್ಗೆ. ಬೋರ್ಡು ತೆಲುಗಿನಲ್ಲಿದೆ ಎಂದು ಹೆದರಬೇಡಿ. ಕನ್ನಡ ಓದಬಲ್ಲವರಿಗೆ ತೆಲುಗಿನ ಮುಕ್ಕಾಲು ಅಕ್ಷರ ತಾನಾಗಿ ಬರುತ್ತದೆ, ತಲಕಟ್ಟಿನ ಆಕಾರವಷ್ಟೇ ಬೇರೆ. ಕ, ತ, ಶ, ಹ ಇಂಥ ನಾಲ್ಕಾರು ಅಕ್ಷರಗಳಲ್ಲಿ ತಡವರಿಸುತ್ತದೆ, ಎರಡು ದಿನದಲ್ಲಿ ಅದೂ ಪಳಗುತ್ತದೆ. ಮಾತಿಗಂತೂ ಬೀದರಿನವರಿಗೆ ದಖ್ಖನಿ ಉರ್ದು ಇದ್ದೇ ಇದೆ. ನಂಬರಿನ ಹಿಂದೆ ಅಂಟಿಕೊಂಡ ಇಂಗ್ಲಿಷ್ ಅಕ್ಷರವನ್ನು ಮಾತ್ರ ಕಡೆಗಣಿಸಬೇಡಿ. ಪಟಾನ್‌ಚೆರುವಿನಿಂದ ಕೋಠಿಗೆ ಹೋಗುವುದು 218, ಅದರ ಹಿಂದೆ ‘ಡಿ’ ಸೇರಿದರೆ ದಿಲ್‌ಸುಖ್‌ನಗರದವರೆಗೆ. 219 ಸಿಕಂದರಾಬಾದಿಗೆ. ಅಕ್ಷರ ಬದಲಾದರೆ ಬಸ್ಸು ಅರ್ಧ ದಾರಿಯಲ್ಲಿ ಬೇರೆ ಕಡೆ ತಿರುಗುತ್ತದೆ. ಹತ್ತುವ ಮೊದಲು ಹೋಗುವ ಊರಿನ ಹೆಸರು ಹೇಳಿ ಕೇಳಿಬಿಡುವುದೇ ಸುಲಭ.

ನಿಮ್ಮ ಮನೆಯವರಿಗೆ ಒಂದು ಮಾತು. ಶಕ್ತಿ ಯೋಜನೆ ನಮ್ಮ ರಾಜ್ಯದ್ದು, ಹೈದರಾಬಾದಿನ ಸಿಟಿ ಬಸ್ಸಿನಲ್ಲಿ ನಡೆಯುವುದಿಲ್ಲ. ಅಲ್ಲಿಯೂ 2023ರ ಡಿಸೆಂಬರಿನಿಂದ ಮಹಾಲಕ್ಷ್ಮಿ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇದೆ, ಆದರೆ ತೆಲಂಗಾಣದ ವಿಳಾಸ ಇರುವವರಿಗೆ ಮಾತ್ರ. ಬಸ್ಸಿನ ತುಂಬ ಹೆಣ್ಣುಮಕ್ಕಳು ಸೊನ್ನೆ ಟಿಕೆಟ್ಟಿನಲ್ಲಿ ಕುಳಿತಿರುವಾಗ ಕಂಡಕ್ಟರ್ ನಿಮ್ಮ ಮನೆಯವರಿಗೂ ಹಾಗೇ ಕೊಟ್ಟುಬಿಡಬಹುದು. ಬೀದರಿನ ಆಧಾರ್ ಎಂದು ಹೇಳಿ ರೊಕ್ಕ ಕೊಟ್ಟೇ ಟಿಕೆಟ್ ತೆಗೆದುಕೊಳ್ಳಲಿ, ಚೆಕಿಂಗಿನವರು ಬಂದರೆ ದಂಡ ಬೀಳುವುದು ಪ್ರಯಾಣಿಕರಿಗೇ. ಸಿಟಿ ಬಸ್ಸಿನಲ್ಲಿ ಮುಂದಿನ ಬಾಗಿಲು, ಮುಂದಿನ ಸೀಟು ಹೆಣ್ಣುಮಕ್ಕಳದು. ಗಂಡಸರು ಹಿಂದೆ. ಹಾಗಾಗಿ ಗದ್ದಲದಲ್ಲಿ ಮನೆಯವರು ಮುಂದೆ, ನೀವು ಹಿಂದೆ ಆಗುತ್ತೀರಿ. ಯಾವ ಸ್ಟಾಪಿನಲ್ಲಿ ಇಳಿಯಬೇಕೆಂದು ಇಬ್ಬರಿಗೂ ಗೊತ್ತಿರಲಿ. ಮಗುವಿಗೆ ಬಸ್ಸಿನಲ್ಲಿ ಅರ್ಧ ಟಿಕೆಟ್. ಹತ್ತು, ಇಪ್ಪತ್ತರ ನೋಟು ಕೈಯಲ್ಲಿಟ್ಟುಕೊಳ್ಳಿ, ಐನೂರರ ನೋಟು ಕಂಡರೆ ಕಂಡಕ್ಟರ್ ಮುಖ ಸಿಂಡರಿಸುತ್ತಾನೆ. ದಿನವಿಡೀ ಬಸ್ಸಿನಲ್ಲೇ ಸುತ್ತುವವರಿಗೆ ಟಿ-24 ಎಂಬ 24 ಗಂಟೆಯ ಟಿಕೆಟ್ ಬಸ್ಸಿನಲ್ಲೇ ಸಿಗುತ್ತದೆ. ನಿಮಗೆ ಅದರ ಅಗತ್ಯ ಬೀಳದು, ಬಹುಪಾಲು ದಾರಿ ಮೆಟ್ರೋದಲ್ಲೇ ಕಳೆಯುತ್ತದೆ.

ಸುತ್ತಾಟವನ್ನೆಲ್ಲ ಬುಧವಾರಕ್ಕೆ ಇಟ್ಟುಕೊಳ್ಳಿ. ಸೋಮವಾರ ಝೂ ರಜೆ, ಶುಕ್ರವಾರ ಸಾಲಾರ್ ಜಂಗ್ ಮ್ಯೂಸಿಯಂ ರಜೆ, ಬುಧವಾರ ಎರಡೂ ತೆರೆದಿರುತ್ತವೆ. ಚಾರ್‌ಮಿನಾರಿಗೆ ಮೆಟ್ರೋ ಇಲ್ಲ. ಎಂಜಿಬಿಎಸ್‌ನಲ್ಲಿ ಇಳಿದರೆ ಸಾಲಾರ್ ಜಂಗ್ ಸುಮಾರು ಒಂದು ಕಿಲೋಮೀಟರ್, ಅಲ್ಲಿಂದ ಚಾರ್‌ಮಿನಾರ್ ಮತ್ತೊಂದು ಕಿಲೋಮೀಟರಿನ ಮೇಲೆ. ಗಟ್ಟಿ ಕಾಲಿನವರು ಮದೀನಾ, ಪತ್ಥರ್‌ಗಟ್ಟಿ ನೋಡುತ್ತಾ ನಡೆದೇ ಹೋಗಬಹುದು, ಆ ದಾರಿಯೇ ಅರ್ಧ ಹೈದರಾಬಾದು. ನಿಮ್ಮ ಮಾವನವರಿಗೆ ಆಟೊ ಬೇಕು. ಆದರೆ ಚಾರ್‌ಮಿನಾರಿನ ಬುಡದವರೆಗೆ ಗಾಡಿ ಬಿಡುವುದಿಲ್ಲ, ಕೊನೆಯ ಸ್ವಲ್ಪ ದೂರ ನಡೆಯಲೇಬೇಕು ಎಂದು ಮೊದಲೇ ತಿಳಿಸಿರಿ. ಅಲ್ಲಿಂದ ಬಹಾದೂರ್‌ಪುರದ ಝೂಗೆ ಮೂರು ಕಿಲೋಮೀಟರಿನಷ್ಟು. ಹೀಗೆ ಒಂದೇ ದಿಕ್ಕಿನ ಮೂರು ಜಾಗ ಒಂದೇ ದಿನದಲ್ಲಿ ಮುಗಿಯುತ್ತವೆ. ಬೆಳಿಗ್ಗೆ ಬಿಸಿಲೇರುವ ಮೊದಲು ಝೂ, ಆಮೇಲೆ ಮ್ಯೂಸಿಯಂ, ಸಂಜೆಗೆ ಚಾರ್‌ಮಿನಾರ್ ಎಂಬ ಕ್ರಮ ಸರಿಹೋದೀತು.

ಗೋಲ್ಕೊಂಡವನ್ನು ಈ ಸಲ ಬಿಡಿ ಎಂಬುದೇ ನನ್ನ ಸಲಹೆ. ಅಲ್ಲಿಗೂ ಮೆಟ್ರೋ ಇಲ್ಲ. ಲಕ್ಡೀ ಕಾ ಪುಲ್‌ನಲ್ಲಿ ಇಳಿದು ಮೆಹದಿಪಟ್ನಂಗೆ ಬಸ್ಸು, ಅಲ್ಲಿಂದ ಕೋಟೆಗೆ ಇನ್ನೊಂದು ಬಸ್ಸೋ ಶೇರ್ ಆಟೊವೋ ಹಿಡಿಯಬೇಕು. ಮೇಲೆ ಹತ್ತಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಮಂಡಿನೋವಿನವರನ್ನು ಕೆಳಗೆ ಕೂರಿಸಿ ಉಳಿದವರು ಹತ್ತಿ ಬರುವುದರಲ್ಲಿ ಅರ್ಧ ದಿನ ಹೋಗುತ್ತದೆ. ಹುಡುಗನಿಗೆ ಕೋಟೆಯೇ ಬೇಕಾದರೆ ನಮ್ಮ ಬೀದರ್ ಕೋಟೆಯನ್ನು ಒಂದು ದಿನ ಸರಿಯಾಗಿ ಸುತ್ತಿಸಿ.

ಆಟೊ ಇಲ್ಲದೆ ಆಗುವುದಿಲ್ಲ, ಆದರೆ ಎರಡು ಮೂರು ಕಿಲೋಮೀಟರಿಗಷ್ಟೇ ಇರಲಿ. ಮೀಟರ್ ಹಾಕುವ ಆಟೊ ಸಿಗುವುದು ಅಪರೂಪ. ಊಬರ್, ಓಲಾ, ರ‍್ಯಾಪಿಡೊ ಯಾವುದಾದರೊಂದರಲ್ಲಿ ಆ ದೂರಕ್ಕೆ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ. ಅದರಲ್ಲೇ ಕರೆಸಿದರೂ ಸರಿ, ಇಲ್ಲವಾದರೆ ಎದುರಿಗಿರುವ ಆಟೊದವನ ಜೊತೆ ಚೌಕಾಸಿಗೆ ಆ ಮೊತ್ತವೇ ಆಧಾರ. ಕೂರುವ ಮೊದಲು ‘ನಾಲ್ಕೂ ಜನಕ್ಕೆ ಸೇರಿ’ ಎಂಬ ಮಾತು ಬಾಯಿಬಿಟ್ಟು ಹೇಳಿ, ಶೇರ್ ಆಟೊದಲ್ಲಿ ಹೇಳುವ ದರ ತಲೆಗೆ ಇಷ್ಟು ಎಂದಿರುತ್ತದೆ.

ಹೊರಡುವ ವಾರ ಹಬ್ಬವಿದೆಯೇ ಎಂದೂ ನೋಡಿಕೊಳ್ಳಿ. ಗಣೇಶ ವಿಸರ್ಜನೆಯ ದಿನ ಟ್ಯಾಂಕ್ ಬಂಡ್ ಸುತ್ತಲಿನ ರಸ್ತೆಗಳು ಮುಚ್ಚುತ್ತವೆ, ಖೈರತಾಬಾದ್ ಮೆಟ್ರೋ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದು ನಿಮ್ಮ ಆಸ್ಪತ್ರೆಯ ದಾರಿಯಲ್ಲೇ ಬರುವ ಸ್ಟೇಷನ್. ಮೊಹರಂ ಮೆರವಣಿಗೆಯ ದಿನ ಹಳೇ ಊರಿನಲ್ಲಿ ಬಸ್ಸುಗಳ ದಾರಿ ಬದಲಾಗುತ್ತದೆ. ರಂಜಾನ್ ತಿಂಗಳ ಸಂಜೆ ಚಾರ್‌ಮಿನಾರ್ ಸುತ್ತ ಮಗುವಿನ ಕೈ ಬಿಡುವಂತಿಲ್ಲ. ಜೋರು ಮಳೆ ಬಂದರೆ ರಸ್ತೆಯಲ್ಲಿ ನೀರು ನಿಂತು ಬಸ್ಸು ಸಿಕ್ಕಿಬೀಳುತ್ತದೆ, ಮೇಲಿನ ಮೆಟ್ರೋ ಓಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಆಟೊ ಹುಡುಕುತ್ತಾ ನೆನೆಯುವ ಬದಲು ಹತ್ತಿರದ ಸ್ಟೇಷನ್ ಸೇರಿಕೊಳ್ಳಿ.

ಗುರುವಾರ ವಾಪಸ್ ಬರುವಾಗ ಲೆಕ್ಕ ಉಲ್ಟಾ. ಹೋಗುವಾಗ ಬೇಗ ಇಳಿಯುವುದು ಲಾಭ, ಬರುವಾಗ ಬಸ್ಸು ಹೊರಡುವ ಜಾಗದಿಂದಲೇ ಹತ್ತುವುದು ಲಾಭ. ಮಿಯಾಪುರದಲ್ಲಿ ಕಾದರೆ ಎಂಜಿಬಿಎಸ್‌ನಿಂದ ತುಂಬಿ ಬಂದ ಬಸ್ಸು, ಜಹೀರಾಬಾದಿನವರೆಗೆ ನಿಂತೇ ಹೋಗಬೇಕಾದೀತು. ದಿಲ್‌ಸುಖ್‌ನಗರದಿಂದ ನಾಲ್ಕೇ ಸ್ಟೇಷನ್, ಎಂಜಿಬಿಎಸ್‌ಗೆ ಹೋಗಿ ಬೀದರ್ ಬಸ್ಸಿನ ಪ್ಲಾಟ್‌ಫಾರ್ಮ್ ನಂಬರನ್ನು ವಿಚಾರಣೆ ಕೌಂಟರಿನಲ್ಲಿ ಕೇಳಿಕೊಂಡು ಸೀಟು ಹಿಡಿಯಿರಿ. ಮೊದಲೇ ಸೀಟು ಕಾದಿರಿಸಿದ್ದರೆ ಮಾತ್ರ ಮಿಯಾಪುರದಲ್ಲಿ ಹತ್ತಬಹುದು. ಆಗ ಟಿಕೆಟ್ಟಿನಲ್ಲಿ ಹತ್ತುವ ಜಾಗ ಮಿಯಾಪುರ ಎಂದೇ ನಮೂದಾಗಿರಬೇಕು, ಅಲ್ಲಿ ತೋರಿಸಿದ ಸಮಯಕ್ಕೆ ಹದಿನೈದು ನಿಮಿಷ ಮೊದಲೇ ರಸ್ತೆಯ ಸರಿಯಾದ ಬದಿಯಲ್ಲಿ ನಿಂತಿರಬೇಕು. ಬೀದರ್ ಕಡೆಯ ಬಸ್ಸು ನಿಲ್ಲುವುದು ನೀವು ಬರುವಾಗ ಇಳಿದದ್ದರ ಎದುರು ಬದಿ.